ಸುಣ್ಣ ಹಚ್ಚುವುದರೊಳಗೆ ನೀರು ಕುಡಿದ ಗುಂಡಿ

ಯಲಹಂಕದಿಂದ ಹೆಸರಘಟ್ಟದವರೆಗೆ ಯಾರ ಮನೆಯ ಇಂಗುಗುಂಡಿ ತುಂಬಿ ಉಕ್ಕಿದೆ ಎಂದು ಕೇಳಿ ನೋಡಿ, ನೂರು ಮನೆ ತೋರಿಸುತ್ತಾರೆ. ಆ ನೂರರಲ್ಲಿ ಒಂದೂ ನಾನು ತೋಡಿದ್ದಲ್ಲ. ಜಂಬ ಅನ್ನುವವರು ಅನ್ನಲಿ. ಮೂವತ್ತೊಂದು ವರ್ಷ ಹಾರೆ ಹಿಡಿದ ಕೈ ಇದು, ಜಂಬಪಡುವ ಹಕ್ಕು ನನಗಿದೆ.

ನನ್ನ ಹೆಸರು ಯಲ್ಲಮ್ಮ, ಅಟ್ಟೂರಿನ ಹಳೇ ಊರಿನವಳು. ಒಳಚರಂಡಿ ಇನ್ನೂ ಬಾರದ ಲೇಔಟುಗಳಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವುದಕ್ಕೆ ಗುಂಡಿ ತೋಡುವುದು ನನ್ನ ಕೆಲಸ. ನಮ್ಮಪ್ಪ ಮುನಿಯಣ್ಣ ಬಾವಿ ತೋಡುತ್ತಿದ್ದ. ಬೋರ್‌ವೆಲ್ ಲಾರಿಗಳು ಬಂದಮೇಲೆ ಬಾವಿ ಯಾರಿಗೆ ಬೇಕು? ನನ್ನ ಅಣ್ಣತಮ್ಮಂದಿರು ಹಾರೆ ಬಿಸಾಕಿ ಆಟೋ, ಟೆಂಪೋ ಎಂದು ಹೋದರು. ಎತ್ತಿಕೊಂಡವಳು ನಾನು. ಹೆಂಗಸು ಗುಂಡಿಗೆ ಇಳಿಯುತ್ತಾಳಂತೆ ಎಂದು ಊರೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಆದರೆ ಭೇಷ್ ಅಂತಲೂ ಅನ್ನಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅನ್ನಲಿಲ್ಲ. ಹೇಳಿಕೊಂಡರೆ ನಾಚಿಕೆ, ಆದರೂ ಹೇಳುತ್ತೇನೆ, ಆ ಒಂದು ಮಾತಿಗೆ ನಾನು ಕಾಯುತ್ತಲೇ ಇದ್ದೆ.

ಅಪ್ಪನಿಗೆ ಈಗ ಎಂಬತ್ತನಾಲ್ಕು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಅವನು ತೋಡಿದ ಬಾವಿಗಳಲ್ಲಿ ಉಳಿದಿರುವುದು ಒಂದೇ, ಕುರಿಗುಡ್ಡದ ಬುಡದಲ್ಲಿರುವ ಕಲ್ಲುಕಟ್ಟಡದ ಚೌಕದ ಬಾವಿ. ನಲವತ್ತೆರಡು ಅಡಿ ಆಳ. ಗುಡ್ಡದ ಕಡೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಒಂದು ಬಿರುಕಿದೆ, ಸೆಲೆ ಬರುವುದು ಅಲ್ಲಿಂದಲೇ. ಸುತ್ತಲಿನ ಒಂಬತ್ತು ಮನೆಯವರು ಕುಡಿಯುವುದಕ್ಕೆ ಇವತ್ತಿಗೂ ಅದೇ ನೀರು ಸೇದುತ್ತಾರೆ. ಅಪ್ಪನಿಗೂ ದಿನಾ ಅಲ್ಲಿಂದಲೇ ಒಂದು ಬಿಂದಿಗೆ ತರುತ್ತೇವೆ. ಬಾವಿ ಯಾರದು ಎಂದು ಯಾರಾದರೂ ಕೇಳಿದರೆ ಅಪ್ಪನ ಉತ್ತರ ಯಾವಾಗಲೂ ಒಂದೇ: "ನಂದು. ನಾನೊಬ್ನೇ ತೋಡಿದ್ದು."

ಆ ಗುಡ್ಡದ ಮೇಲೆ ಹೋದ ವರ್ಷ ಲೇಔಟು ಎದ್ದಿತು. ಅಲ್ಲೊಂದು ಸೈಟು ತೆಗೆದುಕೊಂಡವಳು ಅತೀಯಾ. ಹೆಬ್ಬಾಳದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ತಂದೆ ಖಾದರ್ ಬಾಷಾ ನಮ್ಮ ಕಡೆಯ ದೊಡ್ಡ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ನೆಲದ ಮೇಲಿನದು ಅವರದು, ನೆಲದ ಕೆಳಗಿನದು ನನ್ನದು. ಊರಿನವರಿಗೆಲ್ಲ ಮನೆ ಕಟ್ಟಿಕೊಟ್ಟ ಮನುಷ್ಯ, ಈಗ ಸ್ವಂತ ಮಗಳಿಗೆ ಕಟ್ಟುತ್ತಿದ್ದರು. ಸಡಗರ ಕೇಳಬೇಕೆ!

"ಯಲ್ಲಮ್ಮಾ, ಇದು ನನ್ ಮಗಳ ಮನೆ. ಒಂದ್ ಕಡೇನೂ ತಪ್ಪಾಗ್ಬಾರ್ದು" ಎಂದರು.

"ಇಷ್ಟ್ ದಿನ ಬೇರೆಯವ್ರ ಮನೇಲಿ ತಪ್ ಮಾಡ್ತಿದ್ದೆನಾ ಭಾಯ್?" ಎಂದೆ.

ಗುಡ್ಡದ ಮಣ್ಣು ಬಯಲಿನ ಮಣ್ಣಿನಂತೆ ಸಾಧುವಲ್ಲ. ಮೇಲೆ ಒಂದೆರಡು ಗೇಣು ಕೆಮ್ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಹಾಸುಬಂಡೆ. ಅದು ಎಲ್ಲಿ ಮೇಲೆ ಬರುತ್ತದೆ, ಎಲ್ಲಿ ಕೆಳಗೆ ಹೋಗುತ್ತದೆ ಎಂಬುದು ಅಗೆದವರಿಗೇ ಗೊತ್ತು. ಲೇಔಟು ಮಾಡಿದವರು ಜೆಸಿಬಿ ತಂದು ಗುಡ್ಡದ ನೆತ್ತಿ ಕೆರೆದು, ಆ ಮಣ್ಣನ್ನೇ ಇಳಿಜಾರಿಗೆ ಸುರಿದು, ಸಮ ಮಾಡಿ ಸೈಟು ಎಂದು ಕಲ್ಲು ನೆಟ್ಟಿದ್ದರು. ನೋಡುವುದಕ್ಕೆ ಚೆಂದ. ನಾನು ಅತೀಯಾಳ ಸೈಟಿನ ಮುಂಭಾಗದಲ್ಲಿ ಮೊಳದುದ್ದ ಗುಂಡಿ ತೆಗೆದು, ತೆಗೆದ ಮಣ್ಣನ್ನೇ ವಾಪಸ್ ತುಂಬಿದೆ. ಗಟ್ಟಿ ನೆಲವಾದರೆ ಮಣ್ಣು ಮಿಗಬೇಕು. ಅಲ್ಲಿ ಒಂದು ಗೇಣು ಕಮ್ಮಿ ಬಿತ್ತು.

"ಭಾಯ್, ಹಿಂದ್ಗಡೆ ಬಂಡೆ, ಮುಂದ್ಗಡೆ ಸುರ್ದಿರೋ ಮಣ್ಣು. ಮುಂದಿನ ಪಾಯ ಗರಸು ಸಿಗೋವರ್ಗೂ ಇಳೀಲಿ. ಇಲ್ಲಾಂದ್ರೆ ಮನೆ ಮಧ್ಯಕ್ಕೆ ಸೀಳುತ್ತೆ" ಎಂದೆ. ಒಂಬತ್ತು ಅಡಿ ಇಳಿಸಿದರು. ಪಕ್ಕದ ಸೈಟಿನವರು ನಾಲ್ಕು ಅಡಿಗೇ ನಿಲ್ಲಿಸಿದ್ದರು. ಅವರ ನಡುಮನೆಯ ಗೋಡೆಯಲ್ಲಿ ಈಗ ಹಲ್ಲಿ ಸಂಸಾರ ಮಾಡುವಷ್ಟು ಬಿರುಕು ಬಿಟ್ಟಿದೆ. ಅತೀಯಾಳ ಗೋಡೆಯಲ್ಲಿ ಒಂದು ಗೆರೆ ಇದ್ದರೆ ತೋರಿಸಿ.

ಅವಳು ಆಗಲೇ ಹದಿನೈದು ಗುಲಾಬಿ ಗಿಡಗಳನ್ನು ತಂದು ಮುಂದೆ ನೆಟ್ಟಿದ್ದಳು. ಹದಿನೈದೂ ಒಣಗಿದವು. "ಆಂಟಿ, ದಿನಾ ನೀರ್ ಹಾಕ್ತಿದೀನಿ, ಆದ್ರೂ ಸಾಯ್ತವೆ" ಎಂದು ಮುಖ ಚಿಕ್ಕದು ಮಾಡಿಕೊಂಡಳು. ಬೂದು ಬಣ್ಣದ ಆ ನೆಲವನ್ನು ಕಾಲಿನಲ್ಲಿ ಕೆರೆದು ನೋಡಿದೆ. ಬೋರ್‌ವೆಲ್ ಕೊರೆದಾಗ ಉಗುಳಿದ ಪುಡಿ.

"ಇದು ಮಣ್ಣಲ್ಲ ಮಗಾ, ಬಂಡೆ ಹಿಟ್ಟು. ನೀರ್ ಬಿದ್ದಷ್ಟೂ ಸಿಮೆಂಟ್ ಥರ ಕೂತ್ಕೊಳುತ್ತೆ. ಬೇರು ಉಸಿರಾಡೋದೆಲ್ಲಿ?" ಎಂದು ಅಷ್ಟನ್ನೂ ಕೆರೆಸಿ ಹಾಕಿದೆ. ಅಂದಿನಿಂದ ಅವಳಿಗೆ ನನ್ನ ಮಾತೆಂದರೆ ವೇದವಾಕ್ಯ.

ಮನೆ ಮುಗಿಯುವ ಹೊತ್ತಿಗೆ ನನ್ನ ಸರದಿ ಬಂತು. ಮನೆ ಒಕ್ಕಲಿಗೆ ಶುಕ್ರವಾರ ಗೊತ್ತಾಗಿತ್ತು, ಇನ್ನು ಹದಿನಾರು ದಿನ. ಸೈಟಿನ ಕೆಳಮೂಲೆಯಲ್ಲಿ ಜಾಗ ಗುರುತಿಸಿ, ನಾನು ಮತ್ತು ನನ್ನ ಮೈದುನ ಸುರೇಶ ಹನ್ನೆರಡು ಅಡಿ ತೋಡಿದೆವು. ತಳದಲ್ಲಿ ಬಂಡೆಯ ಮೈ ಕಂಡಿತು, ಅದರಲ್ಲೊಂದು ಸೀಳು.

ಗುಂಡಿ ಒಪ್ಪಿಸುವ ಮುಂಚೆ ನನ್ನದೊಂದು ಪರೀಕ್ಷೆ ಇದೆ. ಹಿಂದಿನ ದಿನವೇ ತಳವನ್ನು ನೆನೆಸಿಡುತ್ತೇನೆ. ಮಾರನೆಯ ಬೆಳಿಗ್ಗೆ ಮೂರು ಕೊಡ ನೀರು ಹೊಯ್ದು, ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತೇನೆ. ಗರಸಾದರೆ ಒಂದು ಎಲೆ ಅಗಿದು ಮುಗಿಸುವಷ್ಟರಲ್ಲಿ ನೀರು ಇಂಗುತ್ತದೆ. ಕೆಮ್ಮಣ್ಣಾದರೆ ಎರಡು ಎಲೆ. ಜೇಡಿಯಾದರೆ ನಾಲ್ಕು ಎಲೆ ಅಗಿದು ಬಾಯಿ ಹುಣ್ಣಾದರೂ ನೀರು ಅಲ್ಲೇ ನಿಂತು ನನ್ನ ಮುಖ ನೋಡುತ್ತಿರುತ್ತದೆ. ಅಪ್ಪ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು.

ಅವತ್ತು ಮೂರು ಕೊಡ ಹೊಯ್ದೆ. ಎಲೆ ತೆಗೆದೆ, ತೊಟ್ಟು ಮುರಿದೆ, ಸುಣ್ಣ ಹಚ್ಚುತ್ತಾ ಬಗ್ಗಿ ನೋಡುತ್ತೇನೆ, ನೀರೇ ಇಲ್ಲ! ಇನ್ನೂ ಮೂರು ಕೊಡ ಹೊಯ್ದೆ. ಗಟಗಟ ಎಂದು ಹೋಯಿತು. ಡ್ರಮ್ಮಿಗೆ ಡ್ರಮ್ಮೇ ಬಗ್ಗಿಸಿದೆವು, ಅದೂ ಹೋಯಿತು.

"ಮಾಶಾಲ್ಲಾ! ಏನ್ ಗುಂಡಿ ತೆಗ್ದೆ ಯಲ್ಲಮ್ಮಾ! ನಮ್ ಮೊಮ್ಮಕ್ಳ ಕಾಲಕ್ಕೂ ತುಂಬಲ್ಲ ಇದು" ಎಂದು ಖಾದರ್ ಭಾಯ್ ಕುಣಿದಾಡಿದರು. ನಾನೇನು ಕಮ್ಮಿಯೇ? ಟೀ ಅಂಗಡಿಯಲ್ಲಿ, ಹಾಲಿನ ಡೈರಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಸಿಕ್ಕಿದವರಿಗೆಲ್ಲ ಸಾರಿದೆ. ಸುಣ್ಣ ಹಚ್ಚುವುದರೊಳಗೆ ಕುಡಿದ ಗುಂಡಿ! ಇಂಥದ್ದನ್ನು ಈ ಕಡೆ ಯಾವ ಗಂಡಸು ತೋಡಿದ್ದಾನೆ, ಬರಲಿ, ಎಂದೆ.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಈಗಲಾದರೂ ಭೇಷ್ ಅನ್ನುತ್ತಾನೆ ಎಂದು ಬಾಗಿಲಲ್ಲೇ ನಿಂತೆ. ಅಪ್ಪ ಮುದ್ದೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನೀರು ಎಲ್ಲಿಗೋಯ್ತು?" ಎಂದ.

"ಎಲ್ಲಿಗೋಗುತ್ತೆ? ಭೂಮಿಗೆ."

"ಮಣ್ಣು ಕುಡುದ್ರೆ ಒಸಿ ಒತ್ತು ಇಡೀತೈತೆ ಯಲ್ಲೀ. ಇದು ಕುಡುದಿಲ್ಲ, ಓಡೋಗೈತೆ. ಎಲ್ಲಿಗೆ ಅಂತ ನೋಡ್ದಾ?"

ಮೈಯೆಲ್ಲ ಉರಿದು ಹೋಯಿತು. ಒಳ್ಳೆಯ ಮಾತು ಬೇಡ, ಸುಮ್ಮನಿರುವುದಕ್ಕೇನು ಈ ಮುದುಕನಿಗೆ! ಬಾಗಿಲು ಎಳೆದು ಹಾಕಿ ಹೊರಗೆ ಬಂದೆ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಏಕೆಂದರೆ ಅತೀಯಾಳ ಸೈಟಿನ ಕೆಳಮೂಲೆಯಿಂದ ನೆಟ್ಟಗೆ ಇನ್ನೂರು ಅಡಿ ಕೆಳಗೆ ಅಪ್ಪನ ಬಾವಿ. ಆ ಬಾವಿಯ ಗುಡ್ಡದ ಕಡೆಯ ಗೋಡೆಯಲ್ಲಿ ಆ ಬಿರುಕು. ಗುಂಡಿಯ ಸೀಳೂ ಬಾವಿಯ ಬಿರುಕೂ ಒಂದೇ ಆಗಿದ್ದರೆ?

ಹೋಗಿ ಬಾವಿ ಸೇದುವವರಿಗೆ ಹೇಳಬೇಕಿತ್ತು. ಖಾದರ್ ಭಾಯ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಊರು ತುಂಬ ಕೊಚ್ಚಿಕೊಂಡ ಬಾಯಿ, ಈಗ ಅನುಮಾನ ಎಂದರೆ ಜನ ಏನೆಂದಾರು? ಗುಟ್ಟಾಗಿ ಪರೀಕ್ಷೆ ಮಾಡೋಣ, ಏನೂ ಇಲ್ಲವೆಂದು ಗೊತ್ತಾದರೆ ಅಪ್ಪನ ಬಾಯಿ ಮುಚ್ಚಿಸೋಣ ಎಂದುಕೊಂಡೆ. ಭಾನುವಾರ ಮಧ್ಯಾಹ್ನ ಕೆಲಸದವರು ಯಾರೂ ಇಲ್ಲದಾಗ ಎರಡು ಮೂಟೆ ಕಲ್ಲುಪ್ಪು ತಂದು ಗುಂಡಿಗೆ ಸುರಿದು, ಪೈಪು ಬಿಟ್ಟು ಸಂಜೆಯವರೆಗೆ ಕರಗಿಸಿದೆ. "ಯಾರಿಗಾದ್ರೂ ಬಾಯ್ ಬಿಟ್ಯೋ, ಹಲ್ ಉದುರಿಸ್ತೀನಿ" ಎಂದು ಸುರೇಶನಿಗೆ ಹೇಳಿದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬಾವಿಯ ನೀರು ಬಾಯಿಗೆ ಹಾಕಿ ನೋಡುವುದು ನನ್ನ ಲೆಕ್ಕಾಚಾರ.

ಎಲ್ಲರಿಗಿಂತ ಮುಂಚೆಯಂತೆ! ಬಾವಿಗೆ ಅಂಟಿಕೊಂಡೇ ದಾಕ್ಷಾಯಣಿಯ ಮನೆ. ಅವಳು ಇಡ್ಲಿ ದೋಸೆ ಹಿಟ್ಟು ಮಾರುತ್ತಾಳೆ. ತಣಿಸಂದ್ರದಿಂದೆಲ್ಲ ಗಾಡಿ ಹಾಕಿಕೊಂಡು ಬಂದು ಒಯ್ಯುತ್ತಾರೆ. ಎಲ್ಲಾ ಬಾವಿ ನೀರಿನ ಗುಣ ಎಂದು ಅವಳೇ ಹೇಳಿಕೊಂಡು ತಿರುಗುತ್ತಾಳೆ. ಕೋಳಿ ಕೂಗುವ ಮುಂಚೆ ಅವಳು ನೀರು ಸೇದಿ ರುಬ್ಬಿಯಾಗಿರುತ್ತದೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ನಾನು ಹೋಗುವಾಗ ಅಲ್ಲಿ ಜಾತ್ರೆಯಂಥ ಗಲಾಟೆ.

"ಎರಡ್ ಸಲ ಉಪ್ಪು ಹಾಕಿದೀಯಲ್ಲೇ, ಗ್ಯಾನ ಎಲ್ಲಿತ್ತೇ ನಿನಗೆ? ಮೂರು ಡ್ರಮ್ ಹಿಟ್ಟು ಹಾಳು! ಗಿರಾಕಿಗಳಿಗೆ ಯಾವ್ ಮುಖ ತೋರಿಸ್ಲಿ?" ಎಂದು ದಾಕ್ಷಾಯಣಿ ಸೊಸೆ ಮಾಲಾಳ ಮೇಲೆ ಹರಿಹಾಯುತ್ತಿದ್ದಳು.

"ನಾನ್ ಹಾಕೇ ಇಲ್ಲ ಅತ್ತೆ, ನಿಮ್ಮಾಣೆಗೂ ಹಾಕಿಲ್ಲ" ಎಂದು ಆ ಹುಡುಗಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿತ್ತು.

ಬಿಂದಿಗೆಯಿಂದ ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡೆ. ಉಪ್ಪು. ನಾನು ಬಾಯಿ ಮುಚ್ಚಿಕೊಂಡು ನಡೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಲಾ ಬೈಸಿಕೊಳ್ಳುತ್ತಿದ್ದಳು, ಎರಡು ದಿನಕ್ಕೆ ಉಪ್ಪು ತೊಳೆದು ಹೋಗುತ್ತಿತ್ತು, ಹನ್ನೊಂದು ದಿನಕ್ಕೆ ಮನೆ ಒಕ್ಕಲು ಆಗುತ್ತಿತ್ತು, ಆಮೇಲೆ ಆ ಸೀಳಿನಲ್ಲಿ ಬರುವುದು ಉಪ್ಪಾಗಿರುತ್ತಿರಲಿಲ್ಲ.

"ಅವಳನ್ನ್ ಬಿಡು ದಾಕ್ಷಾಯಣೀ. ಉಪ್ಪು ಹಾಕಿದ್ದು ನಾನು" ಎಂದೆ.

ಅವಳು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮುಖಕ್ಕೆ ಮಂಗಳಾರತಿ ಎಂದರೆ ಅದು. ಒಂಬತ್ತು ಮನೆಯವರೂ ಬಂದು ನಿಂತು ನೋಡಿದರು. ತಲೆ ತಗ್ಗಿಸಿಕೊಂಡು ಎಲ್ಲಾ ಕೇಳಿಸಿಕೊಂಡೆ. ನನ್ನ ಜಾಯಮಾನದಲ್ಲಿ ತಲೆ ತಗ್ಗಿಸಿದ್ದು ಅದೇ ಮೊದಲು. ಬೈದು ಸುಸ್ತಾದ ಮೇಲೆ ದಾಕ್ಷಾಯಣಿ ಕೇಳಿದಳು, "ಈಗ ಆ ಗುಂಡೀನ ಏನ್ ಮಾಡ್ತೀಯ?"

"ಮೊದ್ಲು ಬಾವಿ ತೊಳೀತೀನಿ. ಆಮೇಲೆ ಆ ಗುಂಡೀಗೆ ಒಂದ್ ತೊಟ್ಟು ಕೊಳಕು ಬೀಳದಂಗೆ ನೋಡ್ಕೋತೀನಿ" ಎಂದೆ.

ಖಾದರ್ ಭಾಯ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಮನೆ ಒಕ್ಕಲಿಗೆ ನೆಂಟರಿಗೆಲ್ಲ ಹೇಳಿಯಾಗಿದೆ, ಬಿರಿಯಾನಿಗೆ ಆಳು ಗೊತ್ತಾಗಿದ್ದಾನೆ. "ಅರೆ, ನೀನೇ ಹೊಗಳಿದ್ ಗುಂಡಿ ಯಲ್ಲಮ್ಮಾ! ಈ ಲೇಔಟಲ್ಲಿ ಎಲ್ಲಾರೂ ಇಂಥಾ ಗುಂಡೀಗೇ ಬಿಡ್ತಾರೆ. ಯಾರ್ ಕೇಳ್ತಾರೆ?"

ನನ್ನ ಸಿಟ್ಟು ನೆತ್ತಿಗೇರಿತು. "ಆ ಬಾವಿ ನೀರನ್ನ ನಮ್ಮಪ್ಪ ದಿನಾ ಕುಡೀತಾನೆ ಭಾಯ್. ಅವನ ಬಾಯಿಗೆ ನಿಮ್ಮನೆ ಕಕ್ಕಸು ಬಿಡ್ಲಾ? ನೀವೇ ಹೇಳಿ, ಬಿಡ್ತೀನಿ!"

ಅವರು ಮುಖ ತಿರುಗಿಸಿದರು. ತಂದೆಗೆ ಉತ್ತರ ಕೊಟ್ಟವಳು ಅತೀಯಾ. "ಅಬ್ಬಾ, ವಾರ್ಡಲ್ಲಿ ವಾಂತಿಭೇದಿ ಅಂತ ಬರೋ ಮಕ್ಳನ್ನ ನಾನ್ ನೋಡ್ತೀನಿ. ಡ್ರಿಪ್ ಹಾಕೋಕೆ ನರ ಸಿಗಲ್ಲ ಅವಕ್ಕೆ. ನನ್ ಮನೆಯಿಂದ ಅಂಥದ್ದು ಆಗೋದ್ ಬೇಡ" ಎಂದಳು. ನನ್ನ ಕಡೆ ತಿರುಗಿ, "ಬೇರೆ ದಾರಿ ಇದ್ಯಾ ಆಂಟಿ?" ಎಂದಳು.

"ಇದೆ. ಆದ್ರೆ ನಿನ್ ಕಾರ್ ನಿಲ್ಲಿಸೋ ಜಾಗ ಹೋಗುತ್ತೆ. ಮನೆ ಒಕ್ಕಲು ಒಂದ್ ತಿಂಗ್ಳು ಮುಂದೆ ಹೋಗುತ್ತೆ."

"ಹೋಗ್ಲಿ" ಎಂದಳು. ಖಾದರ್ ಭಾಯ್ ಆಕಾಶ ನೋಡಿದರು. ಮಗಳು ಹೇಳಿದ ಮೇಲೆ ಅವರದು ಮುಗಿಯಿತು.

ಮೊದಲು ಬಾವಿ. ಸುರೇಶ ಮೇಲೆ ನಿಂತು ಪಂಪು ನೋಡಿಕೊಂಡ, ನಾನು ಕೆಳಗಿಳಿದು ಹೂಳು ತೆಗೆದೆ. ಮೂರು ಸಲ ಬತ್ತಿಸಿ, ಕಲ್ಲು ಕಲ್ಲನ್ನೂ ತಿಕ್ಕಿದೆ. ಐವತ್ತೆರಡರ ವಯಸ್ಸಿನಲ್ಲಿ ನಲವತ್ತೆರಡು ಅಡಿ ಕೆಳಗೆ. ಅಪ್ಪನ ಹಾರೆಯ ಗುರುತುಗಳು ಬಂಡೆಯ ಮೇಲೆ ಇನ್ನೂ ಹಾಗೇ ಇದ್ದವು. ಕೈಯಿಟ್ಟು ನೋಡಿದೆ. ಒಂದೊಂದೂ ಒಂದೇ ಅಳತೆ, ಒಂದೇ ಓರೆ. ಇಂಥವನು ಸುಮ್ಮನೆ ಭೇಷ್ ಅನ್ನುತ್ತಾನೆಯೇ, ಅನ್ನಿಸಿತು. ಐದನೆಯ ದಿನ ದಾಕ್ಷಾಯಣಿ ನೀರು ಬಾಯಿಗೆ ಹಾಕಿ ಮುಕ್ಕಳಿಸಿ, "ಊಂ" ಎಂದಳು. ಅವಳ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು.

ಆಮೇಲೆ ಮನೆಯ ಮುಂದೆ, ಕಾರು ನಿಲ್ಲಬೇಕಿದ್ದ ಜಾಗದಲ್ಲಿ, ಎದೆಮಟ್ಟದ ಪಾತಿ ಕಟ್ಟಿದೆ. ತಳಕ್ಕೆ ಅಟ್ಟೂರು ಕೆರೆಯ ಹೂಳೆತ್ತಿದಾಗ ದಡದಲ್ಲಿ ಬಿದ್ದಿದ್ದ ಜೇಡಿಮಣ್ಣು ತಂದು ಒಂದೂವರೆ ಅಡಿ ತುಳಿದು ಹಾಸಿದೆ. ನನ್ನ ಎಲೆಅಡಿಕೆಗೆ ಯಾವತ್ತೂ ಮರ್ಯಾದೆ ಕೊಡದ ಜೇಡಿ ಅವತ್ತು ಉಪಯೋಗಕ್ಕೆ ಬಂತು. ಅದು ನೀರನ್ನು ಬಂಡೆಗೆ ಇಳಿಯಲು ಬಿಡುವುದಿಲ್ಲ. ಅದರ ಮೇಲೆ ದಪ್ಪ ಜಲ್ಲಿ, ಜಲ್ಲಿಯ ಮೇಲೆ ಮರಳು, ಮರಳಿನ ಮೇಲೆ ಕೆಮ್ಮಣ್ಣು. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರು ಜಲ್ಲಿಗೆ ಬರುವಂತೆ ಪೈಪು ಕೂರಿಸಿದೆ. ಮೇಲ್ಭಾಗವನ್ನು ದಿಬ್ಬದಂತೆ ಏರಿಸಿದೆ, ಮಳೆ ನೀರು ಒಳಗೆ ಇಳಿಯದೆ ಜಾರಿ ಹೋಗಲಿ ಎಂದು. ಅದರ ತುಂಬ ಹನ್ನೆರಡು ಬಾಳೆಗಿಡ ನೆಟ್ಟೆ. ಬಾಳೆಗಿಂತ ಕುಡುಕ ಗಿಡ ಇನ್ನೊಂದಿಲ್ಲ. ಬಂದ ನೀರನ್ನೆಲ್ಲ ಹೀರಿ ಎಲೆಯಿಂದ ಗಾಳಿಗೆ ಬಿಡುತ್ತದೆ. ಪಾತಿ ಮುಗಿದ ದಿನ ಖಾದರ್ ಭಾಯ್ ಅದರ ಸುತ್ತ ಮೂರು ಸುತ್ತು ಹಾಕಿ, ಗೋಡೆ ತಟ್ಟಿ ನೋಡಿ, "ಮೇಲಿಂದೂ ನೀನೇ ಮಾಡೋಕ್ ಶುರು ಮಾಡ್ಬಿಟ್ಯಲ್ಲ, ನನಗೇನ್ ಕೆಲ್ಸ ಇನ್ನ?" ಎಂದು ನಕ್ಕರು.

ಉಳಿದದ್ದು ಆ ಗುಂಡಿ. ಮಣ್ಣು ಹಾಕಿ ಮುಚ್ಚಿಬಿಡು ಎಂದ ಸುರೇಶ. ಸಲಿಕೆ ಹಿಡಿದು ದಡದಲ್ಲಿ ನಿಂತೆ. ಮೂವತ್ತೊಂದು ವರ್ಷದಲ್ಲಿ ತೋಡಿದ ಅತಿ ಒಳ್ಳೆಯ ಗುಂಡಿ, ನಾನೇ ಮಣ್ಣು ಹಾಕಬೇಕು. ಕೈ ಬರಲಿಲ್ಲ. ಆಗ ಹೊಳೆಯಿತು. ಇಷ್ಟು ಚೆನ್ನಾಗಿ ನೀರು ಕುಡಿದು ನೇರ ಬಾವಿಗೆ ಮುಟ್ಟಿಸುವ ಗುಂಡಿ ಇದು. ಇದಕ್ಕೆ ಕೊಳಕು ನೀರು ಯಾಕೆ ಕೊಡಬೇಕು? ಒಳ್ಳೆಯ ನೀರು ಕೊಟ್ಟರೆ?

"ಭಾಯ್! ತಾರಸಿ ಪೈಪೆಲ್ಲಾ ಈ ಕಡೆ ತಿರುಗಿಸಿ!" ಎಂದು ಕೂಗಿದೆ.

ಗುಂಡಿಗೆ ಒಣಕಲ್ಲಿನ ಗೋಡೆ ಕಟ್ಟಿ, ಜಲ್ಲಿ, ಇದ್ದಿಲು, ಮರಳಿನ ಪದರ ಹಾಕಿ, ಮೇಲೆ ಚಪ್ಪಡಿ ಮುಚ್ಚಿದೆ. ತಾರಸಿಯ ಮಳೆ ನೀರು ಬಿಟ್ಟು ಬೇರೆ ಯಾವುದೂ ಅದರೊಳಕ್ಕೆ ಹೋಗದು. ಅತೀಯಾಳ ಮನೆ ಒಕ್ಕಲು ಒಂದು ತಿಂಗಳು ತಡವಾಗಿ, ಇನ್ನೊಂದು ಶುಕ್ರವಾರ ನಡೆಯಿತು. ದುವಾ ಮುಗಿದ ಮೇಲೆ ನನಗೂ ದಾಕ್ಷಾಯಣಿಗೂ ಒಂದೇ ಚಾಪೆಯಲ್ಲಿ ಊಟಕ್ಕೆ ಹಾಕಿದರು. ಅವಳಿಗೆ ಮಾಂಸವಿಲ್ಲದ ಕುಷ್ಕಾ, ನನಗೆ ಬಿರಿಯಾನಿ. ಉಪ್ಪು ಸರಿಯಾಗಿದೆಯೇ ಎಂದು ಅವಳು ನನ್ನನ್ನೇ ಕೇಳಿದಳು. ಬಿಡುತ್ತಾಳೆಯೇ ಅವಳು!

ನಾಲ್ಕನೆಯ ದಿನ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ಬೆಳಿಗ್ಗೆ ಮೋಡ ಹರಿದಾಗ ಅಪ್ಪ, "ನನ್ನ ಬಾವಿ ತಾವ ಕರ್ಕಂಡೋಗು" ಎಂದ. ವರ್ಷಗಳಿಂದ ಕೇಳಿರಲಿಲ್ಲ. ಸುರೇಶನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆವು. ಕಟ್ಟೆಯ ಮೇಲೆ ಎರಡೂ ಕೈಯಿಟ್ಟು, ತಲೆ ಬಗ್ಗಿಸಿ ಕಿವಿಗೊಟ್ಟ. ಕೆಳಗೆ ಬಿರುಕಿನಿಂದ ನೀರು ಸುರಿಯುವ ಸದ್ದು. ಆ ಸೆಲೆ ಬರೀ ಜಿನುಗಾಗಿ ಆರು ವರ್ಷವಾಗಿತ್ತು. ಈಗ ನಲ್ಲಿ ಬಿಟ್ಟ ಹಾಗೆ ಧಾರೆ ಕಟ್ಟಿತ್ತು. ನಾಲ್ಕು ಅಡಿಗೆ ಇಳಿದಿದ್ದ ಬಾವಿ ಹದಿನೈದು ಅಡಿ ತುಂಬಿತ್ತು.

ನೀರು ಸೇದಿ ಅಪ್ಪನ ಬೊಗಸೆಗೆ ಹಾಕಿದೆ. ಕುಡಿದ. ಬಾಯಿ ಚಪ್ಪರಿಸಿದ. ಏನೂ ಹೇಳಲಿಲ್ಲ. ನಾನು ಅಂದುಕೊಂಡೆ, ಇವನ ಹಣೆಬರಹವೇ ಇಷ್ಟು, ಇನ್ನು ಕಾಯುವುದು ಬಿಟ್ಟುಬಿಡೋಣ.

ಹಿಟ್ಟಿಗೆ ಬಂದಿದ್ದ ಒಬ್ಬ ಹೊಸ ಗಿರಾಕಿ, ಪ್ಯಾಂಟು ಮಡಚಿಕೊಂಡವನು, ಬಾವಿಯೊಳಗೆ ಬಗ್ಗಿ ನೋಡಿ, "ಅಬ್ಬಾ, ಈಗಿನ ಕಾಲ್ದಲ್ಲೂ ಇಷ್ಟ್ ನೀರಾ! ಯಾರ್ದು ತಾತಾ ಈ ಬಾವಿ?" ಎಂದ.

ಉತ್ತರ ನನಗೆ ಬಾಯಿಪಾಠ. ಕೊಡ ಎತ್ತಿಕೊಳ್ಳಲು ಬಗ್ಗಿದೆ. ಅಪ್ಪನ ಕೈ ಗಾಳಿಯಲ್ಲಿ ತಡಕಾಡುತ್ತಾ ಬಂದು ನನ್ನ ರಟ್ಟೆ ಹಿಡಿಯಿತು.

"ನಾನೊಬ್ನೇ ತೋಡಿದ್ದು ಅಂತ ಇಷ್ಟ್ ದಿನ ಏಳ್ತಿದ್ದೆ ಕಣಪ್ಪಾ. ಅದು ಸುಳ್ಳು. ನಾನು ತೋಡಿ ಬಿಟ್ಟೆ, ಅಷ್ಟೇಯ. ಕೆಡದಂಗೆ ಉಳ್ಸಿ, ಬತ್ತೋಗಿದ್ದಕ್ಕೆ ನೀರು ತಂದೋಳು ಇವ್ಳು, ನನ್ ಮಗಳು. ಯಲ್ಲಮ್ಮ ಅಂತ. ನಿಂಗೆ ಗುಂಡಿ ಬೇಕಾದ್ರೆ ಇವಳತ್ರ ತೋಡ್ಸು. ನನಗಿಂತ ಒಳ್ಳೆ ಕೈ."

ಕೊಡ ನೆಲದ ಮೇಲೆ ಇಟ್ಟುಬಿಟ್ಟೆ. ದಾಕ್ಷಾಯಣಿಯ ಮುಂದೆ, ಮಾಲಾಳ ಮುಂದೆ, ಗುರುತಿಲ್ಲದ ಆ ಗಿರಾಕಿಯ ಮುಂದೆ ಗೊಳೋ ಎಂದು ಅತ್ತೆ. ಗುಂಡಿಗೆ ಇಳಿದು ಮೂವತ್ತೊಂದು ವರ್ಷವಾಗಿತ್ತು. ಅಪ್ಪ ನನ್ನ ರಟ್ಟೆ ಬಿಡಲೇ ಇಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.